ರಹಸ್ಯ ಪರೀಕ್ಷೆಗೆ ಒಳಗಾದ ಮಾಜಿ ಸೈನಿಕ ಚಿಕಿತ್ಸೆ, ಪರಿಹಾರ ಪಡೆಯುವುದು ಹೇಗೆ?

ಅಮೆರಿಕದ ರಕ್ಷಣಾ ಇಲಾಖೆ 1962ರಿಂದ 1970ರ ದಶಕದ ಆರಂಭದವರೆಗೆ ‘ಪ್ರಾಜೆಕ್ಟ್ 112’ ಎಂಬ ಹೆಸರಿನಲ್ಲಿ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ಪರೀಕ್ಷೆಗಳನ್ನು ನಡೆಸಿತು. ಅದರ ನೌಕಾ ಭಾಗಕ್ಕೆ ‘ಷಾಡ್’ ಎಂದು ಹೆಸರು. ಶತ್ರುವಿನ ದಾಳಿಯನ್ನು ಯುದ್ಧನೌಕೆಗಳು ಗುರುತಿಸಿ ತಾಳಿಕೊಳ್ಳಬಲ್ಲವೇ ಎಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಈ ಪರೀಕ್ಷೆಗಳಲ್ಲಿದ್ದ 5,800ಕ್ಕೂ ಹೆಚ್ಚು ಮಂದಿಯನ್ನು ಇಲಾಖೆಯೇ ಗುರುತಿಸಿದೆ. ತಮ್ಮ ಹಡಗಿನ ಮೇಲೆ ಹಾಯ್ದ ಮಂಜು ಏನೆಂಬುದು ಅವರಲ್ಲಿ ಅನೇಕರಿಗೆ ಆಗ ಗೊತ್ತಿರಲಿಲ್ಲ. ಅಂದು ಇಪ್ಪತ್ತರ ಆಸುಪಾಸಿನಲ್ಲಿದ್ದವರು ಇಂದು ಎಂಬತ್ತರ ಹತ್ತಿರದಲ್ಲಿದ್ದಾರೆ, ಇಲ್ಲವೇ ಅದನ್ನು ದಾಟಿದ್ದಾರೆ. ಅವರಾಗಲಿ ಅವರ ಕುಟುಂಬದವರಾಗಲಿ ಚಿಕಿತ್ಸೆ ಮತ್ತು ಪರಿಹಾರ ಕೋರುವಾಗ ವೈದ್ಯರ ಬಳಿ ಹೋಗುವುದಕ್ಕೂ ಮುಂಚೆ ಕಡತದ ಕೆಲಸವನ್ನು ಮುಗಿಸಿಕೊಳ್ಳಬೇಕಾಗುತ್ತದೆ.

ಮೊದಲ ಹೆಜ್ಜೆ, ಪರೀಕ್ಷೆಯ ಹೆಸರನ್ನು ಪತ್ತೆಮಾಡುವುದು. ರಕ್ಷಣಾ ಇಲಾಖೆ 2001ರಿಂದೀಚೆಗೆ ಒಂದೊಂದು ಪರೀಕ್ಷೆಗೂ ಪ್ರತ್ಯೇಕ ಮಾಹಿತಿ ಪತ್ರವನ್ನು ಬಿಡುಗಡೆ ಮಾಡಿದ್ದು, ನಡೆದ ಕಾಲ, ಸ್ಥಳ, ಭಾಗವಹಿಸಿದ ಹಡಗುಗಳು ಹಾಗೂ ಬಳಸಿದ ವಸ್ತುಗಳು ಅದರಲ್ಲಿವೆ. ಪೆಸಿಫಿಕ್ ಸಾಗರದ ಜಾನ್‌ಸ್ಟನ್ ಹವಳದ್ವೀಪದ ಬಳಿ 1960ರ ದಶಕದ ಮಧ್ಯದಲ್ಲಿ ನಡೆದ ‘ಶೇಡಿ ಗ್ರೋವ್’ ಪರೀಕ್ಷೆಯಲ್ಲಿ ಕ್ಯೂ ಜ್ವರ ಮತ್ತು ಟುಲರೀಮಿಯಾ ರೋಗಗಳ ಜೀವಂತ ಬ್ಯಾಕ್ಟೀರಿಯಾಗಳನ್ನು ಬಳಸಲಾಗಿತ್ತು. ‘ಫ್ಲವರ್ ಡ್ರಮ್’ನ ಮೊದಲ ಹಂತದಲ್ಲಿ ಬಳಸಿದ್ದು ಸಾರಿನ್ ಎಂಬ ನರವಿಷ. ಬಹುಪಾಲು ಪರೀಕ್ಷೆಗಳಲ್ಲಿ ನಿಜವಾದ ಅಸ್ತ್ರದ ಬದಲು ನಿರುಪದ್ರವಿ ಎಂದು ಭಾವಿಸಲಾದ ಬದಲಿ ವಸ್ತುಗಳನ್ನು ಸಿಂಪಡಿಸಲಾಯಿತು. ಆದರೆ ಅವುಗಳಲ್ಲೊಂದಾದ ಸೆರೇಷಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಮನುಷ್ಯರಿಗೂ ಸೋಂಕು ತರಬಲ್ಲದೆಂಬುದು ಈಗ ವೈದ್ಯಕೀಯದಲ್ಲಿ ಸಾಮಾನ್ಯ ತಿಳಿವಳಿಕೆ. ಆದ್ದರಿಂದ ಬದಲಿ ವಸ್ತುಗಳ ಹೆಸರನ್ನೂ, ಹಡಗು ತೊಳೆಯಲು ಬಳಸಿದ ಸೋಂಕುನಿವಾರಕಗಳ ಹೆಸರನ್ನೂ ಬಿಡದೆ ಗುರುತು ಹಾಕಿಕೊಳ್ಳಬೇಕು.

ಎರಡನೆಯದು, ಆ ದಿನಗಳಲ್ಲಿ ತಾನು ಆ ಹಡಗಿನಲ್ಲೇ ಇದ್ದೆನೆಂದು ತೋರಿಸುವುದು. ಸೇವಾ ಬಿಡುಗಡೆ ಪತ್ರವಾದ ಡಿಡಿ-214 ಮತ್ತು ಪೂರ್ಣ ಸೇವಾ ಕಡತದ ಪ್ರತಿಯನ್ನು ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಿಂದ ಕೇಳಿ ಪಡೆಯಬಹುದು. ಈ ಕೇಂದ್ರದಲ್ಲಿ 1973ರ ಜುಲೈ 12ರಂದು ಬಿದ್ದ ಬೆಂಕಿಗೆ, 1960ಕ್ಕೆ ಮುಂಚೆ ಬಿಡುಗಡೆಯಾದ ಭೂಸೇನೆಯ ಸಿಬ್ಬಂದಿಯ ಕಡತಗಳಲ್ಲಿ ಸುಮಾರು ಶೇ 80ರಷ್ಟು ಸುಟ್ಟುಹೋದವು. ನೌಕಾಪಡೆಯ ಕಡತಗಳು ಉಳಿದುಕೊಂಡದ್ದು ಷಾಡ್ ನಾವಿಕರ ಅದೃಷ್ಟ. ರಾಷ್ಟ್ರೀಯ ಪತ್ರಾಗಾರದಲ್ಲಿರುವ ಹಡಗಿನ ದಿನಚರಿಯಿಂದ ಅದು ಯಾವ ದಿನ ಎಲ್ಲಿತ್ತು ಎಂಬುದನ್ನೂ ಹೊಂದಿಸಿ ನೋಡಬಹುದು.

ಎರಡನೇ ಮಹಾಯುದ್ಧದ ಕಾಲದಲ್ಲಿ, ಚರ್ಮ ಮತ್ತು ಶ್ವಾಸಕೋಶವನ್ನು ಸುಡುವ ರಾಸಾಯನಿಕ ಅಸ್ತ್ರವಾದ ಮಸ್ಟರ್ಡ್ ಅನಿಲದ ಪರೀಕ್ಷೆಗೆ ಒಳಗಾದ ಸುಮಾರು 60,000 ಅಮೆರಿಕನ್ ಸೈನಿಕರ ಪಾಡು ಇದಕ್ಕಿಂತ ಕಷ್ಟದ್ದಾಗಿತ್ತು. ಬಾಯಿ ಬಿಡಬಾರದೆಂಬ ಆಣೆಗೆ ಕಟ್ಟುಬಿದ್ದು, ಕೆಮ್ಮಿನ ಮೂಲವನ್ನು ತಮ್ಮ ವೈದ್ಯರಿಗೂ ಹೇಳದೆ ಉಳಿದವರಿದ್ದರು. ಆ ಆಣೆಯಿಂದ ಅವರಿಗೆ ಬಿಡುಗಡೆ ಸಿಕ್ಕಿದ್ದು 1993ರಲ್ಲಿ. ಭಾರತದ ಸೈನಿಕರಿಗೆ ಅಷ್ಟೂ ದಕ್ಕಲಿಲ್ಲ. ರಾಸಾಯನಿಕ ಅಸ್ತ್ರಗಳ ಸಂಶೋಧನೆ ನಡೆಸುವ ಬ್ರಿಟನ್ನಿನ ಪೋರ್ಟನ್ ಡೌನ್ ಸಂಸ್ಥೆಯ ವಿಜ್ಞಾನಿಗಳು 1930ರ ದಶಕದಿಂದ ರಾವಲ್ಪಿಂಡಿಯಲ್ಲಿ ಬ್ರಿಟಿಷ್ ಇಂಡಿಯನ್ ಸೇನೆಯ ನೂರಾರು ಸಿಪಾಯಿಗಳ ಮೇಲೆ ಇದೇ ಅನಿಲವನ್ನು ಪ್ರಯೋಗಿಸಿದ್ದು ಪತ್ರಿಕೆಯ ಮೂಲಕ ಬಯಲಿಗೆ ಬಂದದ್ದು 2007ರಲ್ಲಿ.

ಮೂರನೇ ಹೆಜ್ಜೆಯಲ್ಲಿ ವೈದ್ಯರ ಮುಂದೆ ಕಾಯಿಲೆಯ ಜೊತೆಗೆ ವಸ್ತುವಿನ ಹೆಸರನ್ನೂ ಇಡಬೇಕು, ಏಕೆಂದರೆ ಯಾವ ತಪಾಸಣೆ ಬೇಕೆಂಬುದು ಅದನ್ನೇ ಅವಲಂಬಿಸಿದೆ. ಮಸ್ಟರ್ಡ್ ಅನಿಲ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುವುದರಿಂದ ಕಣ್ಣು, ಚರ್ಮ ಮತ್ತು ಶ್ವಾಸಕೋಶದ ತೊಂದರೆಗಳು, ಕ್ಯಾನ್ಸರ್ ಸಹ, ದಶಕಗಳ ಬಳಿಕ ತಲೆದೋರಬಹುದು. ಕ್ಯೂ ಜ್ವರದ ಬ್ಯಾಕ್ಟೀರಿಯಾ ವರ್ಷಗಳ ನಂತರ ಹೃದಯದ ಕವಾಟಗಳನ್ನು ಬಾಧಿಸಬಲ್ಲದಾಗಿದ್ದು, ಅದಕ್ಕೆ ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆಯಿದೆ. ನರವಿಷದ ವಿಷಯ ಇಷ್ಟು ಸ್ಪಷ್ಟವಾಗಿಲ್ಲ: ತೀವ್ರ ವಿಷಪ್ರಾಶನವಾದವರಲ್ಲಿ ದೀರ್ಘಕಾಲದ ತೊಂದರೆಗಳು ಕಂಡುಬಂದಿವೆ, ಆದರೆ ತಕ್ಷಣದ ಲಕ್ಷಣಗಳೇ ಇಲ್ಲದಷ್ಟು ಕಡಿಮೆ ಪ್ರಮಾಣ ತಗುಲಿದವರ ಬಗ್ಗೆ ಪುರಾವೆ ತೆಳುವಾಗಿದೆ. ಷಾಡ್ ನಾವಿಕರನ್ನು ಇತರ ನಾವಿಕರೊಂದಿಗೆ ಹೋಲಿಸಿ 2007 ಮತ್ತು 2016ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ಒಟ್ಟಾರೆಯಾಗಿ ನಿರ್ದಿಷ್ಟ ದೀರ್ಘಕಾಲೀನ ಹಾನಿಯನ್ನು ಗುರುತಿಸಲಿಲ್ಲ. ಈ ತೀರ್ಮಾನ ಗುಂಪಿನ ಸರಾಸರಿಯ ಮಾತೇ ಹೊರತು ಒಬ್ಬ ರೋಗಿಯ ಬಗ್ಗೆ ತೀರ್ಪಲ್ಲ. ಹಾಗೆಂದು ಎಂಬತ್ತರ ವಯಸ್ಸಿನ ಪ್ರತಿ ಕಾಯಿಲೆಯನ್ನೂ ಪರೀಕ್ಷೆಯ ತಲೆಗೆ ಕಟ್ಟುವುದೂ ಸಲ್ಲದು. ಧೂಮಪಾನದ ಹಳೆಯ ಅಭ್ಯಾಸವನ್ನು ಮುಚ್ಚಿಟ್ಟರೆ ವೈದ್ಯರ ಅಭಿಪ್ರಾಯದ ತೂಕವೇ ಕಡಿಮೆಯಾಗುತ್ತದೆ.

ಇನ್ನು ಅರ್ಜಿ. ಚಿಕಿತ್ಸೆ ಮತ್ತು ಪರಿಹಾರಧನ ಬೇರೆ ಬೇರೆ ದಾರಿಗಳು. 2008ರ ಕಾನೂನಿನಂತೆ ಪ್ರಾಜೆಕ್ಟ್ 112ರಲ್ಲಿದ್ದವರು, ಪರೀಕ್ಷೆಯೇ ಕಾಯಿಲೆಗೆ ಕಾರಣವೆಂದು ಸಾಬೀತುಪಡಿಸದೆಯೇ, ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳಲ್ಲಿ ನೋಂದಾಯಿಸಿಕೊಳ್ಳಬಹುದು. ಪರಿಹಾರಧನಕ್ಕಾದರೆ ಮೂರು ಅಂಶ ಬೇಕು: ಈಗಿರುವ ಕಾಯಿಲೆಯ ದೃಢೀಕರಣ, ಸೇವೆಯಲ್ಲಿ ನಡೆದ ಘಟನೆಯ ದಾಖಲೆ, ಇವೆರಡರ ನಡುವಿನ ಸಂಬಂಧದ ಬಗ್ಗೆ ವೈದ್ಯರ ಅಭಿಪ್ರಾಯ. ಸಂಬಂಧವಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದ್ದರೆ ಸಾಕು, ಆದರೆ ಪತ್ರದಲ್ಲಿ ಕಾರಣದ ವಿವರಣೆ ಇರಬೇಕು. ಮಸ್ಟರ್ಡ್ ಅನಿಲಕ್ಕೆ ಪೂರ್ಣ ದೇಹವನ್ನೊಡ್ಡಿದವರಿಗೆ ಮಾತ್ರ ನಿಯಮಗಳಲ್ಲೇ ಕಾಯಿಲೆಗಳ ಪಟ್ಟಿಯಿರುವುದರಿಂದ ಮೂರನೆಯ ಅಂಶದ ಹೊರೆ ಬಹಳಮಟ್ಟಿಗೆ ಇಳಿಯುತ್ತದೆ.

ಅರ್ಜಿ ತಿರಸ್ಕೃತವಾದರೆ ಒಂದು ವರ್ಷದೊಳಗೆ ಮರುಪರಿಶೀಲನೆ ಕೋರಬಹುದು, ಹೊಸ ಸಾಕ್ಷ್ಯ ಸೇರಿಸಬಹುದು ಅಥವಾ ಮೇಲ್ಮನವಿ ಮಂಡಳಿಗೆ ಹೋಗಬಹುದು. ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳು ಇದಕ್ಕೆ ಉಚಿತವಾಗಿ ನೆರವಾಗುತ್ತವೆ. ಸೈನಿಕರು ತೀರಿಕೊಂಡಿದ್ದರೆ ಪತ್ನಿ ಅಥವಾ ಪತಿ ಪ್ರತ್ಯೇಕ ಪರಿಹಾರಕ್ಕೆ ಅರ್ಜಿ ಹಾಕಬಹುದಾಗಿದ್ದು, ಆಗ ಮರಣ ಪತ್ರದಲ್ಲಿ ನಮೂದಾದ ಕಾರಣವೇ ಮುಖ್ಯ ದಾಖಲೆಯಾಗುವುದರಿಂದ, ಅದನ್ನು ಬರೆಯುವ ವೈದ್ಯರಿಗೆ ಪರೀಕ್ಷೆಯ ಹಿನ್ನೆಲೆ ಮೊದಲೇ ಗೊತ್ತಿರುವಂತೆ ನೋಡಿಕೊಳ್ಳಬೇಕು.