ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವ ಮುನ್ನ

ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಕಲಸುವುದು ನಮ್ಮ ಮನೆಗಳಲ್ಲಿ ಮಾಮೂಲು. ಆರಿದ ಅನ್ನ ಉದುರುದುರಾಗಿರುತ್ತದೆ, ಚಿತ್ರಾನ್ನಕ್ಕೆ ಅದೇ ಚೆನ್ನ. ಅದನ್ನು ಬಿಡಬೇಕಿಲ್ಲ. ಬಿಡಬೇಕಾದದ್ದು, ‘ಹೇಗೂ ಬಾಣಲೆಯಲ್ಲಿ ಬಿಸಿಯಾಗುತ್ತದಲ್ಲ’ ಎಂದುಕೊಂಡು ಅನ್ನವನ್ನು ರಾತ್ರಿಯಿಡೀ ಕುಕ್ಕರಿನಲ್ಲೇ ಇಡುವ ಅಭ್ಯಾಸ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು, ಅಂದರೆ ಅದರ ಗಟ್ಟಿ ಕವಚದ ಸುಪ್ತ ರೂಪಗಳು, ಇರುವುದು ಸಾಮಾನ್ಯ. ಮಣ್ಣಿನಿಂದ ಬಂದ ಅವು ತೊಳೆದರೂ ಪೂರ್ತಿ ಹೋಗುವುದಿಲ್ಲ, ಅಕ್ಕಿ ಬೆಂದರೂ ಎಲ್ಲವೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತು ಮೊಳೆತು ಹೆಚ್ಚುತ್ತಾ ಹೋಗುತ್ತವೆ.

ಇವು ತಯಾರಿಸುವ ವಿಷ ಒಂದೇ ಬಗೆಯದಲ್ಲ. ಸೆರ್ಯುಲೈಡ್ ಎಂಬುದು ಅನ್ನದಲ್ಲೇ ಹುಟ್ಟುತ್ತದೆ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಕೆಡುವುದಿಲ್ಲ. ಪ್ರೆಷರ್ ಕುಕ್ಕರ್ ಮುಟ್ಟುವುದೂ ಹೆಚ್ಚೆಂದರೆ ಸುಮಾರು ಅಷ್ಟೇ ಬಿಸಿ. ಹೊಟ್ಟೆಯ ಆಮ್ಲಕ್ಕೂ ಅದು ಜಗ್ಗದು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರು. ಇನ್ನೊಂದು ಗುಂಪಿನವು ಪ್ರೋಟೀನ್ ವಿಷಗಳು. ಬಿಸಿಗೆ ಬೇಗ ಕೆಡುತ್ತವೆ, ಆದರೆ ಬ್ಯಾಕ್ಟೀರಿಯಾ ಕರುಳಿಗಿಳಿದ ಮೇಲೆ ಅಲ್ಲೇ ಅವನ್ನು ತಯಾರಿಸುತ್ತದೆ. ಹಾಗಾಗಿ ಹೊಟ್ಟೆನೋವು, ಭೇದಿ ಕಾಣುವುದು ಆರರಿಂದ ಹದಿನೈದು ಗಂಟೆ ಕಳೆದ ಮೇಲೆ. ಸೆರ್ಯುಲೈಡ್‌ಗೆ ಬೇಕಾದ ಜೀನುಗಳು ಕೆಲವೇ ತಳಿಗಳಲ್ಲಿರುತ್ತವೆ. ನಿಮ್ಮ ಅಕ್ಕಿಯಲ್ಲಿರುವುದು ಯಾವ ತಳಿ ಎಂದು ನೋಡಿ, ಮೂಸಿ ಹೇಳಲಾಗದು.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರಿಗೆ ವಾಂತಿಯಾದಾಗ ಈ ಮೊದಲ ಬಗೆ ಬೆಳಕಿಗೆ ಬಂತು. ಫ್ರಿಜ್ಜಿನಲ್ಲಿಟ್ಟರೆ ಅನ್ನ ಮುದ್ದೆಗಟ್ಟುತ್ತದೆಂದು ಹೊರಗೇ ಇಟ್ಟು, ಆಮೇಲೆ ಹುರಿದು ಬಡಿಸುತ್ತಿದ್ದರು. ನಮ್ಮ ಚಿತ್ರಾನ್ನದ ದಾರಿಯೂ ಅದೇ.

ಈಗ ಮಾಡಬೇಕಾದದ್ದು. ಊಟ ಮುಗಿದ ಕೂಡಲೇ ಮಿಕ್ಕ ಅನ್ನವನ್ನು ಕುಕ್ಕರಿನಿಂದ ಅಗಲವಾದ ತಟ್ಟೆಗೆ ತೆಗೆದು, ಒಂದು ಅಂಗುಲಕ್ಕಿಂತ ತೆಳ್ಳಗೆ ಹರಡಿ. ಫ್ಯಾನಿನ ಕೆಳಗಿಟ್ಟರೆ ಬೇಗ ಆರುತ್ತದೆ. ಹರಡಲು ಶುಭ್ರವಾದ ಸೌಟು ಬಳಸಿ, ಬರಿಗೈ ಬೇಡ: ನಮ್ಮ ಚರ್ಮ, ಮೂಗಿನಲ್ಲಿರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕೂಡ ಬಿಸಿಗೆ ಸುಲಭವಾಗಿ ಕೆಡದ ವಿಷವನ್ನೇ ಮಾಡುವುದು.

ಹಬೆ ನಿಂತ ಮೇಲೆ ಚಿಕ್ಕ ಚಿಕ್ಕ ಡಬ್ಬಿಗಳಿಗೆ ಸಡಿಲವಾಗಿ ತುಂಬಿ. ದೊಡ್ಡ ಡಬ್ಬಿಗೆ ಒತ್ತಿ ತುಂಬಿದರೆ ಮೇಲೆ ತಣ್ಣಗಿದ್ದರೂ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಬೆರಳಷ್ಟು ಆಳಕ್ಕೆ ಚಮಚ ಇಳಿಸಿ ತೆಗೆದು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಒಲೆ ಆರಿಸಿದ ಎರಡು ಗಂಟೆಯೊಳಗೆ ಡಬ್ಬಿ ಫ್ರಿಜ್ಜಿನಲ್ಲಿರಬೇಕು, ಸುಡು ಬೇಸಿಗೆಯಲ್ಲಿ ಒಂದೇ ಗಂಟೆ. ತುಸು ಬೆಚ್ಚಗಿದ್ದರೂ ಪರವಾಗಿಲ್ಲ, ಇಡಿ. ಫ್ರಿಜ್ಜಿನ ಒಳಗೆ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಲಿ. ಫ್ರಿಜ್ ಇಲ್ಲದಿದ್ದರೆ ಅಳತೆ ನೋಡಿ ಅಕ್ಕಿ ಹಾಕುವುದೇ ಸರಿಯಾದ ದಾರಿ.

ಬೆಳಿಗ್ಗೆ ಬೇಕಾದಷ್ಟೇ ತೆಗೆದು, ಒಗ್ಗರಣೆಯಲ್ಲಿ ಎಲ್ಲ ಕಡೆ ಹಬೆಯಾಡುವವರೆಗೆ ಬಿಸಿ ಮಾಡಿ. ಕರುಳಿನಲ್ಲಿ ವಿಷ ಮಾಡುವ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಈ ಬಿಸಿ ಬೇಕೇ ಬೇಕು. ಒಮ್ಮೆ ಬಿಸಿ ಮಾಡಿ ಮಿಕ್ಕಿದ್ದನ್ನು ಮತ್ತೆ ಎತ್ತಿಡಬೇಡಿ. ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು, ಎಷ್ಟೇ ಸಂಕಟವಾದರೂ, ಚೆಲ್ಲಿಬಿಡಿ.

ಆದರೂ ಯಾರಿಗಾದರೂ ವಾಂತಿ, ಭೇದಿಯಾದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಚಿಕ್ಕ ಮಕ್ಕಳು, ವಯಸ್ಸಾದವರು, ಮಂಪರಿನಲ್ಲಿರುವವರು, ಮೂತ್ರ ಕಡಿಮೆಯಾದವರನ್ನು ತಡಮಾಡದೆ ಡಾಕ್ಟರ ಬಳಿ ಕರೆದೊಯ್ಯಿರಿ. ಅಪರೂಪಕ್ಕೆ ಸೆರ್ಯುಲೈಡ್ ಯಕೃತ್ತನ್ನೂ ಕೆಡಿಸುತ್ತದೆ. ಏನು ತಿಂದದ್ದು, ಎಷ್ಟು ಗಂಟೆಗೆ, ಮೊದಲ ವಾಂತಿ ಯಾವಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.