ಹೊಸ ಬೋರ್ ಕೊರೆಸದೆ ತೆಂಗು ಉಳಿಸಿಕೊಂಡಿದ್ದು

"ಆ ಗುಂಡಿಗೆ ಸುರಿಯೋ ದುಡ್ಡಲ್ಲಿ ಇನ್ನೊಂದು ಇನ್ನೂರಡಿ ಕೆಳಗೆ ಬಿಡ್ಸಣ್ಣ" ಅಂತ ನನಗೆ ಹೇಳದವರು ನಮ್ಮೂರಲ್ಲಿ ಕಡಿಮೆ. ಈಗ ನಮ್ಮ ಹಳೇ ಬೋರ್ ಮಾರ್ಚ್ ತಿಂಗಳಲ್ಲೂ ಮೂರ್ನಾಲ್ಕು ಗಂಟೆ ಓಡುತ್ತದೆ. ಹಾಗೆ ಹೇಳಿದವರೇ ಈಗ ಆ ಬೋರ್ ಸುತ್ತ ಮಳೆನೀರು ಇಂಗಿಸಲು ತೆಗೆಸಿದ ಗುಂಡಿ ನೋಡಲು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನಮ್ಮದು ಅರಸೀಕೆರೆ, ತಿಪಟೂರು ನಡುವಿನ ಸೀಮೆ. ಐದು ಎಕರೆ ತೋಟ, 30 ಅಡಿ ಅಂತರ, ಇನ್ನೂರೈವತ್ತರ ಹತ್ತಿರ ಮರ. 2012ರ ನಂತರದ ಬರಗಳು ಈ ಕಡೆ ತೆಂಗಿನ ತೋಟಗಳನ್ನು ಒಣಗಿಸಿದವು. ಆ ಭಯಕ್ಕೆ ಎಲ್ಲರೂ ಬೋರ್ ಕೊರೆಯುವ ರಿಗ್ ಲಾರಿ ಕರೆಸಿದರು, ನಾವೂ ಕರೆಸಿದೆವು. ತೆಂಗಿನಕಾಯಿ ಹಿಡಿದು ನೀರಿನ ಪಾಯಿಂಟ್ ಕೊಟ್ಟವರಾಯಿತು, ಮೆಷಿನ್ ಇಟ್ಟು ಕೊಟ್ಟವರೂ ಆಯಿತು. 800 ಅಡಿ, 1,000 ಅಡಿ, ಆಮೇಲೆ ಇನ್ನೂ ಸ್ವಲ್ಪ. ಕೊನೇ ಬೋರ್ ಕೊರೆದ ರಾತ್ರಿ ಬರೀ ಬಿಳಿ ಧೂಳು. ಬೆಳಿಗ್ಗೆ ನೋಡಿದರೆ ಸುತ್ತಲಿನ ಗರಿಗಳೆಲ್ಲ ಸುಣ್ಣ ಬಳಿದ ಹಾಗಿದ್ದವು. ಕೊರೆದಿದ್ದು, ಕೇಸಿಂಗ್ ಪೈಪು, ರಿಗ್ಗಿನವರ ಊಟ, ಬಾಟಾ ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಹತ್ತಿರ ಹೋಯಿತು. ಅದರಲ್ಲಿ ಒಡವೆ ಅಡವಿಟ್ಟ ದುಡ್ಡೂ ಇತ್ತು.

ಬಂಡೆ ಸೀಮೆಯಲ್ಲಿ ಸಾವಿರ ಅಡಿ ಕೆಳಗಿನ ಸಂದಿಯಲ್ಲಿ ಸಿಗುವುದು ಎಷ್ಟೋ ಕಾಲದಿಂದ ಕೂತ ನೀರು. ಎತ್ತಿದಷ್ಟು ಮುಗಿಯುತ್ತದೆ. ಈ ವರ್ಷದ ಮಳೆ ಅಲ್ಲಿಗೆ ಸುಲಭಕ್ಕೆ ಇಳಿಯುವುದಿಲ್ಲ. ಸಿಕ್ಕಿದರೂ ಫ್ಲೋರೈಡ್ ಕಾಟ ಬೇರೆ. ಹಾಗಾಗಿ ಮೇಲಿಂದ ಬೀಳುವ ನೀರಿನ ಲೆಕ್ಕ ಹಾಕಲು ಕೂತೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ನಮ್ಮ ಕಡೆ ವರ್ಷಕ್ಕೆ 650 ಮಿ.ಮೀ. ಆಸುಪಾಸು ಅಂದರೂ ಎಕರೆಗೆ 26 ಲಕ್ಷ ಲೀಟರ್. ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 70 ಲೀಟರ್ ಕೊಟ್ಟರೆ, ಎಕರೆಗೆ 48 ಮರ, ಒಣಗಿದ 200 ದಿನಕ್ಕೆ ಬೇಕಾಗುವುದು 6.7 ಲಕ್ಷ ಲೀಟರ್ ಅಷ್ಟೇ. ಬಿದ್ದದ್ದರಲ್ಲಿ ಕಾಲು ಭಾಗಕ್ಕಿಂತ ಚೂರು ಹೆಚ್ಚು ಉಳಿದರೂ ಸಾಕು! ಈ ಲೆಕ್ಕ ಮನೆಯಲ್ಲಿ ತೋರಿಸಿದಾಗ ನಮ್ಮ ದೊಡ್ಡಪ್ಪ, "ಲೆಕ್ಕದಲ್ಲಿ ನೀರು ಬರುತ್ತೆ ಬಿಡಪ್ಪ" ಅಂದು ಎದ್ದು ಹೋದರು.

350 ಅಡಿಯ ಹಳೇ ಬೋರ್ ಆಗ ಒಂದು ಗಂಟೆ ಓಡಿ ಗಾಳಿ ಕಕ್ಕುತ್ತಿತ್ತು. ಅದರ ಸುತ್ತ ಹತ್ತಡಿ ಉದ್ದ, ಅಗಲ, ಆಳದ ಗುಂಡಿ. ಕೇಸಿಂಗ್‌ಗೆ ತೂತು, ಅದರ ಮೇಲೆ ಸುತ್ತಿದ ನೈಲಾನ್ ಮೆಶ್, ಗುಂಡಿಗೆ ಕೆಳಗಿಂದ ದಪ್ಪ ಕಲ್ಲು, ಜಲ್ಲಿ, ಇದ್ದಿಲು, ಮರಳು. ಮಳೆನೀರು ಇದರಲ್ಲಿ ಸೋಸಿ ಆ ತೂತುಗಳಿಂದ ಬೋರಿಗೆ ಇಳಿಯಬೇಕು. ಮೊದಲನೇ ವರ್ಷ ಮುಂಗಾರಿನ ಎರಡು ದೊಡ್ಡ ಮಳೆಗೇ ಗುಂಡಿ ಕಟ್ಟಿಕೊಂಡಿತು. ನೀರು ಮೇಲೆಯೇ ನಿಂತು ಸೊಳ್ಳೆ ಸಾಕಿತು. ಊರಿನವರಿಗೆ ಹಬ್ಬ. ಇಡೀ ಗುಂಡಿ ಬಗೆಸಿ ನೋಡಿದರೆ ಮರಳಿನ ಮೇಲೆ ಅಂಗೈ ದಪ್ಪ ಜೇಡಿ ಹೂಳು, ಅದರ ಕೆಳಗೆ ಒಣ ಒಣ! ಹಾಕಿದ್ದ ಮರಳು ಕಲ್ಲು ಒಡೆದು ಮಾಡುವ ಎಮ್‌-ಸ್ಯಾಂಡ್. ಎಮ್‌-ಸ್ಯಾಂಡ್‌ನ ಪುಡಿಯೂ ಸೇರಿ ಸಿಮೆಂಟ್ ಥರ ಗಟ್ಟಿಯಾಗಿತ್ತು. ಬಗೆಸಿ ಮತ್ತೆ ತುಂಬಲು ಜೆಸಿಬಿ, ಆಳು ಸೇರಿ ಹದಿನೈದು ಸಾವಿರ ದಂಡ.

ಎರಡನೇ ಸಲ ಗುಂಡಿಗೆ ಮುಂಚೆ ಒಂದರ ಹಿಂದೆ ಒಂದರಂತೆ ಹೂಳುಗುಂಡಿ ಮಾಡಿಸಿದೆ. ನೀರು ಅಲ್ಲಿ ತಂಗಿ, ತಿಳಿಯಾಗಿದ್ದು ಮಾತ್ರ ಮೇಲಿಂದ ಪೈಪಿನಲ್ಲಿ ಮುಂದಕ್ಕೆ ಹೋಗಬೇಕು. ಎಮ್‌-ಸ್ಯಾಂಡನ್ನು ಪುಡಿ ಹೋಗುವವರೆಗೆ ತೊಳೆಸಿದೆ. ವರ್ಷದ ಮೊದಲ ಮಳೆಯನ್ನು ಆಚೆ ಬಿಡುತ್ತೇನೆ. ಕೊಟ್ಟಿಗೆ ಕಡೆಯ ನೀರು, ರಸ್ತೆ ನೀರು, ಔಷಧಿ ಹೊಡೆದ ಹೊಲದ ನೀರು ಯಾವುದೂ ಬೋರ್ ಹತ್ತಿರ ಸುಳಿಯಬಾರದು. ಇದರಲ್ಲಿ ರಾಜಿ ಬೇಡ. ನಾವು ಕೆಟ್ಟ ನೀರು ಇಳಿಸಿದರೆ ಪಕ್ಕದವರ ಮನೆ ಬೋರೂ ಕೆಡುತ್ತದೆ. ಈ ಸುತ್ತಮುತ್ತ ಇಷ್ಟು ಅಚ್ಚುಕಟ್ಟಾಗಿ ಗುಂಡಿ ಕಟ್ಟಿದವರು ಇನ್ನೊಬ್ಬರಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಒಟ್ಟು ಖರ್ಚು, ದಂಡವೂ ಸೇರಿ, 50 ಸಾವಿರದ ಒಳಗೆ. ಇದ್ದಿಲಿಗೆ ಮಾತ್ರ ಕಾಸು ಕೊಡಲಿಲ್ಲ. ಮಾರಲು ಬಾರದ ತೆಂಗಿನ ಚಿಪ್ಪಿನ ಚೂರುಗಳನ್ನು ಡ್ರಮ್‌ನಲ್ಲಿ ಸುಟ್ಟುಕೊಂಡೆ. ಹೊಗೆಯಾಡದ ಹಾಗೆ ಸುಡುವುದಕ್ಕೆ ಒಂದು ಉಪಾಯ ಇದೆ, ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಬೋರ್ ತುಂಬಿಸಿದರಷ್ಟೇ ಸಾಲದು, ಎತ್ತುವುದನ್ನೂ ಕಮ್ಮಿ ಮಾಡಬೇಕಲ್ವಾ? ಮರದ ಸಾಲುಗಳ ನಡುವೆ ಎರಡಡಿ ಆಳದ ಟ್ರೆಂಚ್ ಹೊಡೆಸಿ, ಕಾಯಿ ಸುಲಿದ ತೆಂಗಿನ ಮಟ್ಟೆ ಜೋಡಿಸಿದೆ. ಮಟ್ಟೆಯ ಕುಳಿ ಮೇಲಕ್ಕೆ ಬರಬೇಕು, ಕೊನೇ ಪದರ ಮಾತ್ರ ಕವುಚಿ. ಸುಮ್ನೆ ತಂದು ಸುರಿದರೆ ಅರ್ಧ ಕೆಲಸವೂ ಆಗಲ್ಲ. ಜೋಡಿಸಿದ್ದು ಐದಾರು ವರ್ಷ ನೀರು ಹಿಡಿಯುತ್ತದೆ, ಪೊಟ್ಯಾಷೂ ಕೊಡುತ್ತದೆ. ಉಳುಮೆ ನಿಲ್ಲಿಸಿ ಒಂದು ಭಾಗಕ್ಕೆ ಹುರುಳಿ, ಇನ್ನೊಂದಕ್ಕೆ ನೆಲ ಮುಚ್ಚುವ ಬಳ್ಳಿ ವೆಲ್ವೆಟ್ ಬೀನ್ಸ್ ಚೆಲ್ಲಿ ನೋಡಿದೆ. ಮುಚ್ಚಿಗೆಗೆ ವೆಲ್ವೆಟ್ ಬೀನ್ಸ್ ಜೋರು, ಆದರೆ ಎಳೇ ಸಸಿಗಳ ಮೇಲೆ ಹತ್ತಿ ಅಮುಕಿಬಿಡುತ್ತದೆ. ದನಕ್ಕೂ ಆಗಲಿ ಅಂತ ಹುರುಳಿಗೇ ನಿಂತೆ.

ತೆಂಗಿಗೆ ಬರದ ಪೆಟ್ಟು ಎರಡು ಮೂರು ವರ್ಷ ಬಿಟ್ಟು ಕಾಣುತ್ತದೆ, ಚೇತರಿಕೆಯೂ ಅಷ್ಟೇ ನಿಧಾನ. ವರ್ಷಕ್ಕೆ ಮರಕ್ಕೆ ನಲವತ್ತಕ್ಕೆ ಇಳಿದಿದ್ದ ಕಾಯಿ ಈಗ ತೊಂಬತ್ತರ ಹತ್ತಿರ ಇದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ 8,000ದ ಆಸುಪಾಸಿಗೆ ಬಿದ್ದಿತ್ತಲ್ಲ, ಬೋರ್ ಸಾಲ ಹೊತ್ತಿದ್ದವರು ಆ ವರ್ಷ ಸಿಕ್ಕಿದ ರೇಟಿಗೆ ಕೊಟ್ಟರು. ನಮಗೆ ಹೊಸ ಸಾಲ ಇರಲಿಲ್ಲ, ಕೊಬ್ಬರಿಯನ್ನು ಅಟ್ಟದಲ್ಲೇ ಬಿಟ್ಟು ಕಾದೆವು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ರೇಟ್ 25,000 ದಾಟಿತು.

ಇಳಿಸಿದ ನೀರು ನಮ್ಮ ಬೇಲಿಯೊಳಗೇ ನಿಲ್ಲುವುದಿಲ್ಲ. ಕೆಳಗಿನ ತೋಟದವರ ಬೋರಿನಲ್ಲೂ ಜಾಸ್ತಿಯಾಗಿದೆ, ಅವರೇ ಒಪ್ಪಿಕೊಂಡರು. "ನೀನು ತುಂಬ್ಸು, ಅವ್ರು ಎತ್ತಲಿ" ಅಂತ ಕೆಲವರು ಚುಚ್ಚಿದರು. ನನಗೆ ಅದರಲ್ಲಿ ಸಂತೋಷವೇ. ಕೆಳಗಿನ ತೋಟದವರೂ ಈ ಬೇಸಿಗೆಯಲ್ಲಿ ತಮ್ಮ ಬತ್ತಿದ ಇನ್ನೊಂದು ಬೋರ್‌ಗೆ ಗುಂಡಿ ತೆಗೆಸುತ್ತಿದ್ದಾರೆ, ಇಬ್ಬರೂ ಹೊಸದಾಗಿ ಕೊರೆಸುವುದು ಬೇಡ ಅಂತ ಮಾತಾಗಿದೆ. ಮರಳಿನ ಮೇಲಿನ ಅರ್ಧ ಅಡಿ ಪದರವನ್ನು ಯುಗಾದಿ ಕಳೆದ ಮೇಲೆ ತೆಗೆದು ತೊಳೆದು ಹಾಕಬೇಕು. ಆ ಕೆಲಸಕ್ಕೆ ಇನ್ನು ಮೇಲೆ ಎರಡೂ ತೋಟಕ್ಕೆ ಒಂದೇ ಆಳು ತಂಡ.