ಮೂರನೇ ದಿನಕ್ಕೂ ಅಲುಗದ ಎಲೆಕ್ಟ್ರೋಡ್: ವಿಡಿಯೋ ಇಇಜಿಯಲ್ಲಿ ನನ್ನ ಅನುಭವ

ಅರ್ಧ ಗಂಟೆಯ ಇಇಜಿ (ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಎರಡು ಮೂರು ಸಲ ನಾರ್ಮಲ್ ಬಂದವರನ್ನು, ಫಿಟ್ಸ್ ಬರುವಾಗಲೇ ಹಿಡಿಯಲೆಂದು, ನಾಲ್ಕೈದು ದಿನ ಕ್ಯಾಮೆರಾ ಎದುರು ಮಲಗಿಸುವುದು ದುಡ್ಡಿಗೆ ದಂಡ ಎನ್ನುತ್ತಿದ್ದರು. ದಂಡವಾಗುತ್ತಿದ್ದದ್ದೂ ನಿಜ. ಎಲೆಕ್ಟ್ರೋಡಿಗೆ ಬರೀ ಪೇಸ್ಟ್ ಮೆತ್ತಿ ಬ್ಯಾಂಡೇಜ್ ಸುತ್ತಿದರೆ ಒಂದು ರಾತ್ರಿಗೇ ಒಣಗಿ, ಮರುದಿನ ಟೆಂಪೊರಲ್ (ಕಿವಿಯ ಮೇಲ್ಭಾಗದ) ಚಾನೆಲ್‌ಗಳಲ್ಲಿ ಗದ್ದಲವೊಂದೇ. ಫಿಟ್ಸ್ ಬರುವುದೂ ಸರಿಯಾಗಿ ಆಗಲೇ. ಮತ್ತೆರಡು ದಿನದ ಬೆಡ್ ಖರ್ಚು ರೋಗಿಯ ತಲೆಗೆ.

ಈಗ ಕೊಲೋಡಿಯನ್ (ಒಣಗಿದರೆ ಗಟ್ಟಿಯಾಗುವ ಅಂಟು) ಬಿಟ್ಟು ಬೇರೆ ಮಾತಿಲ್ಲ. ಎಲೆಕ್ಟ್ರೋಡಿನ ಕಪ್ ಮೇಲೆ ಗಾಜ್ ಬಟ್ಟೆಯ ತುಂಡು, ಅದಕ್ಕೆ ಕೊಲೋಡಿಯನ್, ಗಾಳಿ ಹಾಯಿಸಿ ಒಣಗಿಸಿ, ಆಮೇಲೆ ಕಪ್ಪಿನ ತೂತಿನಿಂದ ಮೊಂಡು ಸೂಜಿಯಲ್ಲಿ ಜೆಲ್. ಆಕ್ಸಿಜನ್ ಹತ್ತಿರ ಮಾತ್ರ ಇದು ಬೇಡ, ಬೆಂಕಿ ಹಿಡಿಯುವ ಸರಕು. 21 ಎಲೆಕ್ಟ್ರೋಡಿಗೆ ಕೆಳಗಿನ ಸಾಲಿನ ಎಫ್9, ಎಫ್10 ಎಂಬ ಎರಡನ್ನೂ ಸೇರಿಸಿದರೆ ಒಂದೂಕಾಲು ಗಂಟೆ ಹಿಡಿಯುತ್ತದೆ. ಇಂಪಿಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ) 5 ಕಿಲೋ ಓಮ್‌ನೊಳಗೆ, ಎಡಬಲ ಹೆಚ್ಚುಕಡಿಮೆ ಸಮ. ಬೆಳಿಗ್ಗೆ ಸಂಜೆ ಜೆಲ್ ತುಂಬುತ್ತೇನೆ. ಹಣೆಯ ಚರ್ಮ ಕೆಂಪಾಗಿದ್ದರೆ ಅಲ್ಲಿಂದ ಒಂದು ಸೆಂಟಿಮೀಟರ್ ಸರಿಸುತ್ತೇನೆ. ವೈರುಗಳ ಜುಟ್ಟು ಕಟ್ಟುವ ವರಸೆ ಒಂದಿದೆ, ಅದು ನನ್ನಲ್ಲೇ ಇರಲಿ. ಇಸಿಜಿ ಚಾನೆಲ್ ಬಿಡಬೇಡಿ: ಫಿಟ್ಸ್ ನಡುವೆ ಹೃದಯ ನಿಂತದ್ದು ಅದಿಲ್ಲದೆ ತಿಳಿಯುವುದಿಲ್ಲ.

ವಿಡಿಯೋ ಕೆಡಿಸುವುದು ಹೊದಿಕೆ, ಮತ್ತು ಓಡಿಬಂದು ಕ್ಯಾಮೆರಾಗೆ ಬೆನ್ನು ಕೊಟ್ಟು ನಿಲ್ಲುವವರು. ಫಿಟ್ಸ್ ಶುರುವಾದರೆ ಗುರುತಿನ ಬಟನ್ ಒತ್ತಿ, ಹೊದಿಕೆ ಎಳೆದು, ಲೈಟ್ ಹಾಕಿ, ಪಕ್ಕಕ್ಕೆ ಸರಿದು ಹೆಸರು ಕೇಳಿ. ಒಂದು ಪದ ಹೇಳಿ, ಮುಗಿದ ಮೇಲೆ ನೆನಪಿದೆಯೇ ನೋಡಿ. ಟೆಂಪೊರಲ್ ಫಿಟ್ಸ್ ಆದಮೇಲೆ ಮೂಗು ಒರೆಸಿಕೊಂಡ ಕೈ ಯಾವುದೆಂದು ಬರೆದಿಡಿ. ಸಾಮಾನ್ಯವಾಗಿ ಫಿಟ್ಸ್ ಹುಟ್ಟಿದ ಬದಿಯದೇ ಕೈ ಅದು.

ಬಿಡುವಿನಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಹಲ್ಲುಜ್ಜುವುದು, ಅಗಿಯುವುದು, ಮಗುವಿನ ಬೆನ್ನು ತಟ್ಟುವುದು, ಎಲ್ಲದರ ಇಇಜಿ ತುಣುಕು ಕೂಡಿಟ್ಟೆ. ವಿಡಿಯೋ ಮುಚ್ಚಿ ತೋರಿಸಿದರೆ ಬೆನ್ನು ತಟ್ಟಿದ್ದನ್ನು ಫಿಟ್ಸ್ ಎಂದೇ ಓದಿಬಿಡುತ್ತಾರೆ!

ದಾಖಲೆಗೆ ಫಿಟ್ಸ್ ಸಿಗಲೆಂದು ಅದರ ಮಾತ್ರೆ ಇಳಿಸುವ ಲೆಕ್ಕ ನ್ಯೂರಾಲಜಿಸ್ಟರದು. ನನ್ನದು ಒಂದೇ ಹಟ, ಕೈಯಲ್ಲಿ ಐವಿ ಲೈನ್ ಇಲ್ಲದೆ ಒಂದು ಡೋಸೂ ತಪ್ಪಬಾರದು. ಕ್ಲೊಬಜಾಮ್, ಫಿನೊಬಾರ್ಬಿಟೋನ್ ಅಂಥವನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಬೆನ್ನಿಗೊಂದು ಫಿಟ್ಸ್ ಬರುತ್ತದೆ.

ಕಣ್ಣು ಮುಚ್ಚಿ ಒದ್ದಾಡುತ್ತ, ಮಾತಿಗೆ ಸ್ಪಂದಿಸದವರ ಇಇಜಿಯಲ್ಲಿ ಸ್ನಾಯುವಿನ ಗದ್ದಲದ ನಡುವೆ ಎಚ್ಚರದ ಆಲ್ಫಾ (ಎಚ್ಚರವಿದ್ದು ಕಣ್ಣು ಮುಚ್ಚಿದಾಗ ಕಾಣುವ ಅಲೆ) ಇಣುಕಿದರೆ ಅದು ಮೂರ್ಛೆರೋಗವಲ್ಲದಿರುವ ಸಂಭವ ಹೆಚ್ಚು. ಆದರೆ ಫ್ರಂಟಲ್ (ಮಿದುಳಿನ ಮುಂಭಾಗದ) ಫಿಟ್ಸ್ ನೆತ್ತಿಯ ಎಲೆಕ್ಟ್ರೋಡಿನಲ್ಲಿ ಗುರುತೇ ಬಿಡದೆ ಹೋಗಬಹುದು. ಹಾಗಾಗಿ ಒಂದೇ ಸಲ ಸಿಕ್ಕಿದರೆ ವೈರು ಬಿಚ್ಚುವುದಿಲ್ಲ. ಅದೇ ಚಹರೆ ಇನ್ನೊಮ್ಮೆ ಬಂದ ಮೇಲೆಯೇ ಅಂಟು ಕರಗಿಸುವ ಅಸಿಟೋನ್ ಬಾಟಲಿ ತೆಗೆಯುವುದು.